ಕೈಯಲ್ಲಿರುವ ಟೂಲ್ ಮೇಲೆ ಹೊರಿಸಿದ ತಪ್ಪು

ಕ್ಲಸ್ಟರ್‌ನಲ್ಲಿ ಏನೋ ಕೆಟ್ಟಿದೆ ಎಂದ ಕೂಡಲೇ ಕಾಲ್‌ನಲ್ಲಿ ಮೊದಲು ಕೇಳಿಬರುವ ಪ್ರಶ್ನೆ ಒಂದೇ: “ನಿಮ್ಮ ಕ್ಯೂಬ್‌ಸಿಟಿಎಲ್ ಯಾವ ವರ್ಷನ್?” ಉತ್ತರದಲ್ಲಿ ಟೂಲ್‌ನ ಅಂಕಿಗೂ ಸರ್ವರ್‌ನ ಅಂಕಿಗೂ ಅಂತರ ಕಂಡರೆ ವಿಚಾರಣೆ ಅಲ್ಲಿಗೇ ಮುಗಿಯುತ್ತದೆ. ಹಳೆಯ ಟೂಲ್ ಇಟ್ಟುಕೊಂಡವರದೇ ತಪ್ಪು, ಅಪ್‌ಡೇಟ್ ಮಾಡಿಕೊಳ್ಳಲಿ, ಮುಂದಿನ ವಿಷಯಕ್ಕೆ ಹೋಗೋಣ. ಅಂತರ ಕಾಣದಿದ್ದರೆ ಸಭೆಗೆ ದಿಕ್ಕು ತೋಚುವುದಿಲ್ಲ. ಅಂಕಿ ಹೊಂದಿದ ಮೇಲೆ ಎಲ್ಲವೂ ಹೊಂದಲೇಬೇಕಲ್ಲ ಎಂಬ ನಂಬಿಕೆ ಅಷ್ಟು ಆಳಕ್ಕೆ ಇಳಿದಿದೆ. ತರಬೇತಿಯಲ್ಲಿ ಹೀಗೇ ಕಲಿಸುತ್ತಾರೆ, ಸಂದರ್ಶನದಲ್ಲಿ ಹೀಗೇ ಕೇಳುತ್ತಾರೆ, ರನ್‌ಬುಕ್‌ನ ಮೊದಲ ಪುಟದಲ್ಲಿ ಹೀಗೇ ಬರೆದಿಡುತ್ತಾರೆ. ಈ ನಂಬಿಕೆ ತಪ್ಪು ಎಂಬುದು ನನ್ನ ವಾದ. ಅದರಿಂದ ಆಗುವ ಅನ್ಯಾಯವೂ ದೊಡ್ಡದು. ಟೂಲ್‌ಗೂ ಸರ್ವರ್‌ಗೂ ನಡುವಿನ ಕರಾರನ್ನು ಬದಲಿಸಿದವರು ಮರೆಗೆ ಸರಿಯುತ್ತಾರೆ, ಕೊನೆಯಲ್ಲಿ ಕೂತು ಕಮಾಂಡ್ ಟೈಪ್ ಮಾಡಿದವರು ಸಿಕ್ಕಿಬೀಳುತ್ತಾರೆ.

ವಿಷಯ ಹೊಸದಾದವರಿಗೆ ನಾಲ್ಕು ಮಾತು. ಕುಬರ್ನೆಟಿಸ್ ಗೂಗಲ್ 2014ರ ಜೂನ್‌ನಲ್ಲಿ ಲೋಕದ ಮುಂದಿಟ್ಟ ಮುಕ್ತ ತಂತ್ರಾಂಶ. 2015ರ ಜುಲೈಯಲ್ಲಿ ಅದರ 1.0 ಬಂತು. ಹತ್ತಾರು, ನೂರಾರು ಯಂತ್ರಗಳನ್ನು ಒಂದು ಕ್ಲಸ್ಟರ್ ಆಗಿ ಕಟ್ಟಿ, ಯಾವ ಕಂಟೇನರ್ ಎಲ್ಲಿ ಓಡಬೇಕು, ಬಿದ್ದರೆ ಮತ್ತೆ ಎಲ್ಲಿ ಎಬ್ಬಿಸಬೇಕು ಎಂದು ನೋಡಿಕೊಳ್ಳುವುದು ಅದರ ಕೆಲಸ. ಕ್ಲಸ್ಟರ್‌ನ ಬಾಗಿಲಲ್ಲಿ ಎಪಿಐ ಸರ್ವರ್ ಇರುತ್ತದೆ. ಲ್ಯಾಪ್‌ಟಾಪಿನಲ್ಲೋ ಸಿಐ ಪೈಪ್‌ಲೈನಿನಲ್ಲೋ ಇರುವ ಕ್ಯೂಬ್‌ಸಿಟಿಎಲ್ ಎಂಬ ಕಮಾಂಡ್‌ಲೈನ್ ಟೂಲ್ ಆ ಬಾಗಿಲಿಗೆ ಕೋರಿಕೆ ಒಯ್ಯುತ್ತದೆ. ಎರಡೂ ಬೇರೆ ಬೇರೆ ಕಡೆ ಬೇರೆ ಬೇರೆ ವೇಗದಲ್ಲಿ ಹಳತಾಗುತ್ತವೆ. ಮೊದಲು ವರ್ಷಕ್ಕೆ ನಾಲ್ಕು ಮೈನರ್ ಆವೃತ್ತಿಗಳು ಬರುತ್ತಿದ್ದವು, 2021ರಿಂದ ಮೂರು ಬರುತ್ತಿವೆ. ಪ್ರತಿಯೊಂದಕ್ಕೂ ಸುಮಾರು 14 ತಿಂಗಳ ಆಯುಷ್ಯ.

ಈ ಅಂತರಕ್ಕೆ ಯೋಜನೆಯೇ ಒಂದು ನಿಯಮ ಮಾಡಿದೆ. ಕ್ಯೂಬ್‌ಸಿಟಿಎಲ್ ಎಪಿಐ ಸರ್ವರ್‌ಗಿಂತ ಒಂದು ಮೈನರ್ ಆವೃತ್ತಿ ಹಿಂದಿರಬಹುದು, ಒಂದು ಮುಂದಿರಬಹುದು. ಸರ್ವರ್ 1.32 ಆಗಿದ್ದರೆ ಟೂಲ್ 1.31, 1.32 ಅಥವಾ 1.33. ಒಂದಕ್ಕಿಂತ ಹೆಚ್ಚು ಎಪಿಐ ಸರ್ವರ್ ಇರುವ ಕ್ಲಸ್ಟರ್ ಅರ್ಧ ಅಪ್‌ಗ್ರೇಡ್ ಆಗಿ, ಒಂದು 1.32, ಇನ್ನೊಂದು 1.31 ಆಗಿ ನಿಂತಿದ್ದರೆ ಈ ಅವಕಾಶ ಎರಡೇ ಆವೃತ್ತಿಗಳಿಗೆ ಕುಗ್ಗುತ್ತದೆ. ನಿಯಮದ ಹಿಂದಿನ ತರ್ಕ ನೇರವಾಗಿದೆ. ಎಲ್ಲ ಜೋಡಿಗಳನ್ನೂ ಪರೀಕ್ಷಿಸಲು ಯಾರ ಬಳಿಯೂ ಸಮಯವಿಲ್ಲ, ಯಂತ್ರವಿಲ್ಲ. ಪಕ್ಕಪಕ್ಕದ ಜೋಡಿಗಳನ್ನು ಪರೀಕ್ಷಿಸುತ್ತೇವೆ, ಅಲ್ಲಿ ದೋಷ ಕಂಡರೆ ನಮ್ಮ ದೋಷವೆಂದು ಒಪ್ಪಿ ಸರಿಪಡಿಸುತ್ತೇವೆ. ಯೋಜನೆ ಕೊಟ್ಟ ಮಾತು ಇಷ್ಟೇ, ಇದರ ಬಗ್ಗೆ ನನಗೆ ತಕರಾರಿಲ್ಲ.

ತಕರಾರಿರುವುದು ಈ ಮಾತಿನ ಮೇಲೆ ಕಟ್ಟಿದ ಎರಡು ಮಹಡಿಗಳ ಬಗ್ಗೆ. ಒಂದು ಹೆಜ್ಜೆಯ ಒಳಗಿದ್ದರೆ ಅಪಾಯವಿಲ್ಲ ಎಂಬುದು ಮೊದಲನೆಯದು. ಅಪಾಯ ಬಂದಿದ್ದರೆ ಯಾರೋ ಒಂದು ಹೆಜ್ಜೆ ಮೀರಿರಲೇಬೇಕು ಎಂಬುದು ಎರಡನೆಯದು. ನಿಯಮ ಈ ಎರಡರಲ್ಲಿ ಒಂದನ್ನೂ ಹೇಳಿಲ್ಲ. ಕುಬರ್ನೆಟಿಸ್‌ನ ಹತ್ತು ವರ್ಷಗಳ ಇತಿಹಾಸ ಎರಡನ್ನೂ ಸುಳ್ಳಾಗಿಸಿದೆ.

ಟೂಲ್‌ಗೂ ಸರ್ವರ್‌ಗೂ ನಡುವೆ ಹರಿಯುವುದಾದರೂ ಏನು ಎಂದು ನೋಡಿ. ಕ್ಯೂಬ್‌ಸಿಟಿಎಲ್ ತನ್ನ ಆವೃತ್ತಿಯ ಅಂಕಿ ತೋರಿಸಿ ಒಳಗೆ ಹೋಗುವುದಿಲ್ಲ. ಅದು ಕಳಿಸುವುದು ಒಂದು ಎಚ್‌ಟಿಟಿಪಿ ಕೋರಿಕೆ. ಆ ಕೋರಿಕೆಯ ವಿಳಾಸದಲ್ಲಿ ಎಪಿಐ ಗುಂಪಿನ ಹೆಸರು ಮತ್ತು ಎಪಿಐಯ ಆವೃತ್ತಿ ಇರುತ್ತವೆ: ಆ್ಯಪ್ಸ್/ವಿ1, ಬ್ಯಾಚ್/ವಿ1, ಹೀಗೆ. ಸರ್ವರ್ ಅದನ್ನು ಓದಿ ತನ್ನ ಒಳಗಿನ ರೂಪಕ್ಕೆ ಪರಿವರ್ತಿಸಿ, ಪರಿಶೀಲಿಸಿ, ಎಟ್‌ಸಿಡಿ ಎಂಬ ಭಂಡಾರದಲ್ಲಿ ಒಂದು ನಿಶ್ಚಿತ ರೂಪದಲ್ಲಿ ಇಡುತ್ತದೆ. ನಾಳೆ ಇನ್ನೊಬ್ಬರು ಬೇರೆ ಎಪಿಐ ಆವೃತ್ತಿಯಲ್ಲಿ ಕೇಳಿದರೆ ಆ ರೂಪಕ್ಕೆ ತಿರುಗಿಸಿ ಕೊಡುತ್ತದೆ. ಸಬ್‌ರಿಜಿಸ್ಟ್ರಾರ್ ಕಚೇರಿಯ ಮುಂದೆ ಕೂತ ಪತ್ರ ಬರಹಗಾರನ ಟೈಪ್‌ರೈಟರ್ ಯಾವ ವರ್ಷದ್ದು ಎಂದು ಒಳಗಿನ ಗುಮಾಸ್ತ ಕೇಳುವುದಿಲ್ಲ. ಪತ್ರ ಈಗ ಚಾಲ್ತಿಯಲ್ಲಿರುವ ನಮೂನೆಯಲ್ಲಿದೆಯೇ ಎಂದಷ್ಟೇ ನೋಡುತ್ತಾನೆ. ಹೊಂದಾಣಿಕೆ ಇರುವುದೂ ಮುರಿಯುವುದೂ ಆ ನಮೂನೆಯಲ್ಲಿ. ಕ್ಯೂಬ್‌ಸಿಟಿಎಲ್ ಕಮಾಂಡ್‌ಗೆ ‘-ವಿ=8’ ಎಂದು ಸೇರಿಸಿದರೆ ಯಾವ ವಿಳಾಸಕ್ಕೆ ಏನು ಹೋಯಿತು, ಏನು ಬಂತು ಎಂಬುದೆಲ್ಲ ತೆರೆಯ ಮೇಲೆ ಬರುತ್ತದೆ. ಇಷ್ಟು ಸುಲಭವಾಗಿ ನೋಡಬಹುದಾದ್ದನ್ನು ನೋಡದೆ ಎರಡು ಅಂಕಿಗಳನ್ನು ಕಳೆದು ತೀರ್ಪು ಕೊಡುವುದು ತಾಂತ್ರಿಕ ವಿಚಾರಣೆ ಎನಿಸಿಕೊಳ್ಳುವುದಿಲ್ಲ.

ಈಗ ಸಾಕ್ಷ್ಯಗಳಿಗೆ ಬರೋಣ. ಅಂಕಿಗಳು ಪೂರ್ತಿ ಒಂದೇ ಆಗಿದ್ದೂ ಕೆಲಸ ನಿಂತ ಪ್ರಸಂಗಗಳು ಮೊದಲು.

2019ರ ಸೆಪ್ಟೆಂಬರ್‌ನಲ್ಲಿ ಬಂದ 1.16, ಡಿಪ್ಲಾಯ್‌ಮೆಂಟ್ ಮತ್ತು ಡೀಮನ್‌ಸೆಟ್‌ಗಳ ಹಳೆಯ ನಮೂನೆಗಳನ್ನು, ಅಂದರೆ ಎಕ್ಸ್‌ಟೆನ್ಷನ್ಸ್/ವಿ1ಬೀಟಾ1 ಮತ್ತು ಆ್ಯಪ್ಸ್‌ನ ಬೀಟಾ ಆವೃತ್ತಿಗಳನ್ನು, ಸ್ವೀಕರಿಸುವುದನ್ನು ನಿಲ್ಲಿಸಿತು. 2021ರ ಆಗಸ್ಟ್‌ನ 1.22, ಹೊರಗಿನ ಕೋರಿಕೆಗಳನ್ನು ಒಳಗಿನ ಸರ್ವಿಸ್‌ಗಳಿಗೆ ಕಳಿಸುವ ಇಂಗ್ರೆಸ್‌ನ ಬೀಟಾ ನಮೂನೆಯನ್ನು ತೆಗೆಯಿತು. 2022ರ ಆಗಸ್ಟ್‌ನ 1.25 ಕ್ರಾನ್‌ಜಾಬ್‌ನ ಬೀಟಾವನ್ನು ತೆಗೆಯಿತು, ಪಾಡ್‌ಸೆಕ್ಯುರಿಟಿಪಾಲಿಸಿಯನ್ನು ಬೇರುಸಮೇತ ಕಿತ್ತುಹಾಕಿತು. ಈ ಯಾವ ದಿನವೂ ಕ್ಯೂಬ್‌ಸಿಟಿಎಲ್ ಮತ್ತು ಸರ್ವರ್ ಎರಡನ್ನೂ ಒಟ್ಟಿಗೆ ಏರಿಸಿದವರಿಗೆ ವಿನಾಯಿತಿ ಸಿಗಲಿಲ್ಲ. 1.22ರ ಟೂಲ್, 1.22ರ ಸರ್ವರ್, ಗಿಟ್‌ನಲ್ಲಿ ಎರಡು ವರ್ಷದಿಂದ ಯಾರೂ ಮುಟ್ಟದ ಮ್ಯಾನಿಫೆಸ್ಟ್, ಅಂದರೆ ಕ್ಲಸ್ಟರ್‌ನಲ್ಲಿ ಏನಿರಬೇಕೆಂದು ಬರೆದಿಟ್ಟ ಕಡತ: ‘ಈ ಆವೃತ್ತಿಯಲ್ಲಿ ಇಂಗ್ರೆಸ್ ಎಂಬ ಬಗೆಯೇ ಇಲ್ಲ’ ಎಂಬ ಅರ್ಥದ ದೋಷ. ಮೇಲಿನ ಒಂದು ಸಾಲು ತಿದ್ದಿದರೂ ಸಾಲದು, ಏಕೆಂದರೆ ಒಳಗಿನ ರಚನೆಯೇ ಬದಲಾಗಿತ್ತು. ಸರ್ವಿಸ್ ಹೆಸರು ಬರೆಯುವ ಜಾಗ ಬೇರೆಯಾಯಿತು, ಪಾತ್‌ಟೈಪ್ ಎಂಬ ಹೊಸ ಅಂಶ ಕಡ್ಡಾಯವಾಯಿತು. ಆಗಲೇ ಓಡುತ್ತಿದ್ದ ಇಂಗ್ರೆಸ್‌ಗಳಿಗೆ ಏನೂ ಆಗಲಿಲ್ಲ, ಸರ್ವರ್ ಅವನ್ನು ಹೊಸ ರೂಪದಲ್ಲಿ ಕೊಡುತ್ತಲೇ ಇತ್ತು. ಕೆಟ್ಟದ್ದು ಕಡತದಲ್ಲಿ ಮಲಗಿದ್ದ ಪಠ್ಯ.

ಮ್ಯಾನಿಫೆಸ್ಟ್‌ಗಳನ್ನು ಚಾರ್ಟ್ ಎಂಬ ಕಟ್ಟಾಗಿ ಹಾಕುವ ಹೆಲ್ಮ್ ಬಳಸಿದವರ ಪಾಡು ಇನ್ನೂ ಕಠಿಣ. ಹೆಲ್ಮ್ ತಾನು ಹಿಂದೆ ಹಾಕಿದ ಮ್ಯಾನಿಫೆಸ್ಟ್‌ನ ಪ್ರತಿಯನ್ನು ಕ್ಲಸ್ಟರ್‌ನಲ್ಲೇ ಇಟ್ಟುಕೊಂಡಿರುತ್ತದೆ. ಹೊಸ ಚಾರ್ಟ್‌ನಲ್ಲಿ ಎಲ್ಲ ತಿದ್ದಿದ್ದರೂ, ಹಳೆಯ ಪ್ರತಿಯಲ್ಲಿ ಸತ್ತುಹೋದ ಎಪಿಐಯ ಹೆಸರಿದ್ದರೆ ಅಪ್‌ಗ್ರೇಡ್ ಮುಗ್ಗರಿಸುತ್ತದೆ. ಇದನ್ನು ಸರಿಪಡಿಸುವುದಕ್ಕೆಂದೇ ಒಂದು ಪ್ಲಗಿನ್ ಬರೆಯಬೇಕಾಯಿತು. ಇಲ್ಲಿ ಯಾರ ಲ್ಯಾಪ್‌ಟಾಪಿನ ಯಾವ ಅಂಕಿಯನ್ನು ದೂರಬೇಕು?

ಹೊಣೆಯ ಮಾತು ಬಂದಾಗ ಇನ್ನೊಂದು ಸಂಗತಿಯನ್ನು ಮರೆಯಬಾರದು. ಇಂಗ್ರೆಸ್ ಬೀಟಾ ಆಗಿ ಬಂದದ್ದು 2015ರ 1.1ರಲ್ಲಿ. ಅದು ಸ್ಥಿರವಾದದ್ದು 2020ರ 1.19ರಲ್ಲಿ. ಸುಮಾರು ಐದು ವರ್ಷ ಲೋಕದ ಉತ್ಪಾದನಾ ಕ್ಲಸ್ಟರ್‌ಗಳು ಬೀಟಾ ಎಪಿಐ ಮೇಲೆ ನಡೆದವು, ಯೋಜನೆ ಬೇರೆ ದಾರಿ ಕೊಟ್ಟಿರಲಿಲ್ಲ. ಕ್ರಾನ್‌ಜಾಬ್ ಕೂಡ ವರ್ಷಗಟ್ಟಲೆ ಬೀಟಾದಲ್ಲೇ ಇತ್ತು. ಬೀಟಾವನ್ನು ನೆಚ್ಚಬೇಡಿ ಎಂದು ದಾಖಲೆಯಲ್ಲಿ ಬರೆದು, ಬೀಟಾ ಬಿಟ್ಟು ಬೇರೇನೂ ಕೊಡದೆ, ಐದು ವರ್ಷದ ನಂತರ ಬಾಗಿಲು ಮುಚ್ಚಿದಾಗ ಒಳಗಿದ್ದವರನ್ನು ಅಜಾಗರೂಕರು ಎನ್ನುವುದು ನ್ಯಾಯವಲ್ಲ. ಈ ತಪ್ಪನ್ನು ಯೋಜನೆಯೇ ಮನಗಂಡು, ಎಪಿಐಗಳು ಬೀಟಾದಲ್ಲೇ ನಿಂತುಬಿಡದಂತೆ ನಿಯಮ ಮಾಡಿಕೊಂಡಿತು, 1.24ರಿಂದ ಹೊಸ ಬೀಟಾ ಎಪಿಐಗಳನ್ನು ತಾನಾಗಿ ತೆರೆದಿಡುವುದನ್ನೂ ನಿಲ್ಲಿಸಿತು.

ಇನ್ನು ಒಂದೇ ಹೆಜ್ಜೆಯ ಒಳಗಿದ್ದೂ, ನಿಯಮವನ್ನು ಚಾಚೂ ತಪ್ಪದೆ ಪಾಲಿಸಿಯೂ ಪೆಟ್ಟು ತಿಂದವರ ವಿಷಯ. ನನ್ನ ವಾದಕ್ಕೆ ಇದಕ್ಕಿಂತ ಬಲವಾದ ಆಧಾರ ಬೇಕಿಲ್ಲ.

ಕ್ಯೂಬ್‌ಸಿಟಿಎಲ್ 1.17ರಲ್ಲಿ ‘ಕ್ಯೂಬ್‌ಸಿಟಿಎಲ್ ರನ್’ ಎಂದು ಒಂದು ಇಮೇಜ್ ಹೆಸರು ಕೊಟ್ಟರೆ ಡಿಪ್ಲಾಯ್‌ಮೆಂಟ್ ಸೃಷ್ಟಿಯಾಗುತ್ತಿತ್ತು, ಹೀಗೆ ಬಳಸಬೇಡಿ ಎಂಬ ಎಚ್ಚರಿಕೆಯ ಸಾಲಿನ ಜೊತೆಗೆ. 2020ರ ಮಾರ್ಚ್‌ನಲ್ಲಿ ಬಂದ 1.18ರಲ್ಲಿ ಅದೇ ಪದಗಳು ಬರೀ ಒಂದು ಪಾಡ್, ಅಂದರೆ ಕಂಟೇನರ್ ಓಡುವ ಚಿಕ್ಕ ಘಟಕ, ಸೃಷ್ಟಿಸಿದವು. ವ್ಯತ್ಯಾಸ ಚಿಕ್ಕದಲ್ಲ. ಡಿಪ್ಲಾಯ್‌ಮೆಂಟ್ ಅಡಿಯ ಪಾಡ್ ಇದ್ದ ಯಂತ್ರ ಸತ್ತರೆ ಬೇರೆ ಯಂತ್ರದಲ್ಲಿ ಮತ್ತೊಂದು ಎದ್ದು ನಿಲ್ಲುತ್ತದೆ. ಒಂಟಿ ಪಾಡ್ ಸತ್ತರೆ ಸತ್ತಂತೆಯೇ. ಸರ್ವರ್ ಒಂದೇ, ಕಮಾಂಡ್ ಒಂದೇ, ಎರಡೂ ಟೂಲ್ ನಿಯಮದ ಒಳಗೇ ಇವೆ, ಫಲ ಮಾತ್ರ ಬೇರೆ ಬೇರೆ. ಹಳೆಯದನ್ನು ತೆಗೆದದ್ದು ಸರಿಯಾದ ತೀರ್ಮಾನವೇ ಇರಬಹುದು, ಆ ಕಮಾಂಡ್ ಅಷ್ಟು ಕೆಲಸಗಳನ್ನು ತಲೆಯ ಮೇಲೆ ಹೊತ್ತಿತ್ತು. ಆದರೆ ಒಂದು ಹೆಜ್ಜೆಯ ಒಳಗಿದ್ದರೆ ಸುರಕ್ಷಿತ ಎಂದವರು ಈ ಬದಲಾವಣೆಯನ್ನು ಎಲ್ಲಿಡುತ್ತಾರೆ?

2022ರ ಮೇ ತಿಂಗಳ 1.24ರಲ್ಲಿ ಕ್ಯೂಬ್‌ಸಿಟಿಎಲ್ ತನ್ನ ಲಾಗಿನ್ ಪ್ಲಗಿನ್‌ಗಳ ಜೊತೆ ಮಾತಾಡುವ ವಿ1ಆಲ್ಫಾ1 ನಮೂನೆಯನ್ನು ಬಿಟ್ಟಿತು. ಹಳೆಯ ಎಡಬ್ಲ್ಯುಎಸ್ ಟೂಲ್‌ಗಳು ಬರೆದಿಟ್ಟಿದ್ದ ಕ್ಯೂಬ್‌ಕಾನ್ಫಿಗ್ ಕಡತಗಳಲ್ಲಿ ಅದೇ ನಮೂನೆಯಿತ್ತು. ಕ್ಲಸ್ಟರ್ 1.23, ಟೂಲ್ 1.24, ನಿಯಮದ ಪ್ರಕಾರ ಯಾವ ಲೋಪವೂ ಇಲ್ಲ. ಆದರೂ ಒಳಗೆ ಹೋಗುವ ಬಾಗಿಲೇ ಮುಚ್ಚಿತು. ಅದೇ ವರ್ಷದ ಡಿಸೆಂಬರ್‌ನ 1.26ರಲ್ಲಿ ಗೂಗಲ್ ಕ್ಲೌಡ್ ಮತ್ತು ಅಜೂರ್‌ಗೆ ಟೂಲ್‌ನೊಳಗೇ ಇದ್ದ ಲಾಗಿನ್ ವ್ಯವಸ್ಥೆಯೂ ಹೋಯಿತು, ಬೇರೆ ಪ್ಲಗಿನ್ ಹಾಕಿಕೊಳ್ಳಬೇಕಾಯಿತು. ಈ ಎರಡೂ ಸಲ ಪೆಟ್ಟು ಬಿದ್ದದ್ದು ಹಳೆಯ ಟೂಲ್ ಇಟ್ಟುಕೊಂಡ ಸೋಮಾರಿಗಳಿಗಲ್ಲ. ಪ್ರತಿ ಸಲ ಇತ್ತೀಚಿನದನ್ನೇ ಇಳಿಸಿಕೊಳ್ಳುವಂತೆ ಪೈಪ್‌ಲೈನ್ ಬರೆದಿಟ್ಟವರಿಗೆ, ಅಂದರೆ ‘ಸದಾ ಅಪ್‌ಡೇಟ್ ಆಗಿರಿ’ ಎಂಬ ಉಪದೇಶವನ್ನು ನಂಬಿ ನಡೆದವರಿಗೆ, ಪೆಟ್ಟು ಮೊದಲು ಬಿತ್ತು.

ರೆಡಿಟ್‌ನ ಪ್ರಕರಣವನ್ನಂತೂ ಪ್ರತಿ ಎಂಜಿನಿಯರೂ ಓದಬೇಕು. ಅವರ ಎಂಜಿನಿಯರರು ಅದನ್ನು ಮುಚ್ಚುಮರೆಯಿಲ್ಲದೆ ವಿವರಿಸಿದ್ದಾರೆ. 2023ರ ಮಾರ್ಚ್ 14ರಂದು ಅವರ ಒಂದು ದೊಡ್ಡ ಕ್ಲಸ್ಟರನ್ನು 1.23ರಿಂದ 1.24ಕ್ಕೆ ಏರಿಸಿದರು. ಒಂದೇ ಹೆಜ್ಜೆ, ಕ್ರಮ ತಪ್ಪದ ಹೆಜ್ಜೆ. ರೆಡಿಟ್ 314 ನಿಮಿಷ ಬಿದ್ದುಹೋಯಿತು. ಕಾರಣ ಒಂದು ಲೇಬಲ್. ನಿಯಂತ್ರಣ ನೋಡ್‌ಗಳ ಮೇಲೆ ಅಂಟಿಸುತ್ತಿದ್ದ ‘ಮಾಸ್ಟರ್’ ಎಂಬ ಲೇಬಲ್‌ನ ಜಾಗಕ್ಕೆ ‘ಕಂಟ್ರೋಲ್ ಪ್ಲೇನ್’ ಎಂಬುದು 1.20ರಲ್ಲೇ ಬಂದಿತ್ತು. ಹಳೆಯದು 1.24ರಲ್ಲಿ ಪೂರ್ತಿ ಹೋಯಿತು. ಜಾಲದ ಮಾರ್ಗಗಳನ್ನು ಹಂಚುವ ಕ್ಯಾಲಿಕೊ ವ್ಯವಸ್ಥೆ ತನ್ನ ರೂಟ್ ರಿಫ್ಲೆಕ್ಟರ್‌ಗಳನ್ನು ಆ ಹಳೆಯ ಲೇಬಲ್ ನೋಡಿಯೇ ಆರಿಸುವಂತೆ ವರ್ಷಗಳ ಹಿಂದೆ ಯಾರೋ ಬರೆದಿಟ್ಟಿದ್ದರು. ಲೇಬಲ್ ಮಾಯವಾದ ಕ್ಷಣ ರಿಫ್ಲೆಕ್ಟರ್‌ಗಳು ಇಲ್ಲವಾದವು, ಪಾಡ್‌ಗಳ ನಡುವಿನ ದಾರಿ ಮುರಿಯಿತು. ಹಿಂದಿನ ಆವೃತ್ತಿಗೆ ಇಳಿಯುವ ದಾರಿ ಆಗ ಕುಬರ್ನೆಟಿಸ್‌ನಲ್ಲಿ ಇರಲಿಲ್ಲ. ಬ್ಯಾಕಪ್‌ನಿಂದ ಕ್ಲಸ್ಟರನ್ನು ಎಬ್ಬಿಸಬೇಕಾಯಿತು. ಯಾವ ಆವೃತ್ತಿ ಕೋಷ್ಟಕವೂ ಇದನ್ನು ಮೊದಲೇ ಹೇಳುತ್ತಿರಲಿಲ್ಲ. ಮುರಿದದ್ದು ಎಪಿಐ ಎಂದೂ ಯಾರೂ ಲೆಕ್ಕಕ್ಕಿಟ್ಟಿರದ ಒಂದು ಹೆಸರಿನ ಮೇಲಿನ ಅವಲಂಬನೆ.

ಎದುರು ಪಕ್ಷದ ಮಾತನ್ನು ಅದರ ಪೂರ್ಣ ಬಲದಲ್ಲೇ ಎತ್ತಿಕೊಳ್ಳಬೇಕು. ಅಂತರದಿಂದಲೇ ಹುಟ್ಟುವ ದೋಷಗಳು ನಿಜವಾಗಿಯೂ ಇವೆ. ಕ್ಯೂಬ್‌ಸಿಟಿಎಲ್‌ನ ಕೆಲವು ಕಮಾಂಡ್‌ಗಳು ಎಪಿಐ ನಮೂನೆಯ ಜ್ಞಾನವನ್ನು ತಮ್ಮೊಳಗೇ ಹೊತ್ತಿರುತ್ತವೆ. 1.20ರ ಟೂಲ್‌ನಲ್ಲಿ ‘ಕ್ರಿಯೇಟ್ ಕ್ರಾನ್‌ಜಾಬ್’ ಎಂದರೆ ಅದು ಬೀಟಾ ನಮೂನೆಯನ್ನೇ ಬರೆಯುತ್ತದೆ, ಏಕೆಂದರೆ ಸ್ಥಿರ ನಮೂನೆ ಬಂದದ್ದು 1.21ರಲ್ಲಿ. 1.25ರ ಸರ್ವರ್ ಅದನ್ನು ತಿರಸ್ಕರಿಸುತ್ತದೆ. ‘ಡಿಸ್ಕ್ರೈಬ್’ ಕಮಾಂಡ್ ಪಾಡ್‌ನಂಥ ಮೂಲ ಬಗೆಗಳಲ್ಲಿ ತನಗೆ ಗೊತ್ತಿರುವ ಅಂಶಗಳನ್ನಷ್ಟೇ ತೋರಿಸುತ್ತದೆ. ಹಳೆಯ ಟೂಲ್‌ನಲ್ಲಿ ಹೊಸ ಅಂಶ ಕಾಣದೆ ಹೋದರೆ ರಾತ್ರಿ ಎರಡು ಗಂಟೆಗೆ ತಪ್ಪು ತೀರ್ಮಾನಕ್ಕೆ ಬರಬಹುದು. ಭದ್ರತೆಯ ಕಾರಣವೂ ಇದೆ. 2019ರಲ್ಲಿ ‘ಕ್ಯೂಬ್‌ಸಿಟಿಎಲ್ ಸಿಪಿ’ ಕಮಾಂಡ್‌ನಲ್ಲಿ ಒಂದರ ಹಿಂದೊಂದು ರಂಧ್ರಗಳು ಕಂಡವು. ಕೆಟ್ಟ ಕಂಟೇನರ್‌ನಿಂದ ಕಡತ ಪ್ರತಿ ಮಾಡಿಕೊಂಡರೆ ಅದು ನಿಮ್ಮ ಲ್ಯಾಪ್‌ಟಾಪಿನಲ್ಲಿ ಬೇಡದ ಜಾಗಕ್ಕೆ ಬರೆಯಬಹುದಿತ್ತು. ಮೊದಲ ಪರಿಹಾರ ಪೂರ್ತಿಯಾಗಲಿಲ್ಲ, ಮತ್ತೆ ತಿದ್ದಬೇಕಾಯಿತು. ಟೂಲನ್ನು ವರ್ಷಗಟ್ಟಲೆ ಮುಟ್ಟದೆ ಇಡುವುದನ್ನು ನಾನು ಸಮರ್ಥಿಸುತ್ತಿಲ್ಲ.

ಆದರೆ ಈ ಉದಾಹರಣೆಗಳನ್ನೇ ಸೂಕ್ಷ್ಮವಾಗಿ ನೋಡಿ. ಕ್ರಾನ್‌ಜಾಬ್ ತಿರಸ್ಕೃತವಾಗಲು ಕಾರಣ 20ಕ್ಕೂ 25ಕ್ಕೂ ಇರುವ ಐದರ ಅಂತರವಲ್ಲ, ನಡುವೆ ತೆಗೆದುಹಾಕಿದ ಒಂದು ನಮೂನೆ. ಅದೇ 1.20ರ ಟೂಲ್ ಅದೇ 1.25ರ ಸರ್ವರ್‌ಗೆ ಆ್ಯಪ್ಸ್/ವಿ1 ಡಿಪ್ಲಾಯ್‌ಮೆಂಟ್ ಒಯ್ದರೆ ಬೇರೆ ಫಲ. ಆ ನಮೂನೆ 2017ರ ಡಿಸೆಂಬರ್‌ನ 1.9ರಲ್ಲಿ ಸ್ಥಿರವಾಗಿ ಬಂತು, ಇಂದಿಗೂ ಸ್ವೀಕಾರವಾಗುತ್ತದೆ. ಸ್ಥಿರವಾದ ಎಪಿಐಯನ್ನು ಒಂದೇ ಮೇಜರ್ ಆವೃತ್ತಿಯ ಒಳಗೆ ತೆಗೆಯುವುದಿಲ್ಲ ಎಂದು ಯೋಜನೆ ಬರೆದುಕೊಟ್ಟಿದೆ. ಬೀಟಾಕ್ಕಾದರೆ, ತೆಗೆಯುತ್ತೇವೆ ಎಂದು ಘೋಷಿಸಿದ ಮೇಲೆ ಒಂಬತ್ತು ತಿಂಗಳು ಅಥವಾ ಮೂರು ಆವೃತ್ತಿಗಳ ಕಾಲಾವಕಾಶ, ಯಾವುದು ದೀರ್ಘವೋ ಅದು. ಆಲ್ಫಾಕ್ಕೆ ಯಾವ ಭರವಸೆಯೂ ಇಲ್ಲ. ನಿಜವಾದ ಹೊಂದಾಣಿಕೆಯ ಕರಾರು ಇದು. ಒಂದು ಹೆಜ್ಜೆಯ ನಿಯಮವನ್ನು ಕಣ್ಣುಮುಚ್ಚಿ ಹೇಳಬಲ್ಲವರಲ್ಲಿ ಎಷ್ಟು ಮಂದಿ ಈ ಕರಾರನ್ನು ಓದಿದ್ದಾರೆ? ಭದ್ರತೆಯ ಪರಿಹಾರಗಳೂ ಹಾಗೆಯೇ: ಆ ರಂಧ್ರಗಳನ್ನು ಮುಚ್ಚಿದ್ದು ಹಲವು ಮೈನರ್ ಆವೃತ್ತಿಗಳ ಪ್ಯಾಚ್‌ಗಳಲ್ಲಿ. ಕ್ಲಸ್ಟರ್‌ನ ಅಂಕಿಗೆ ಟೂಲ್‌ನ ಮೈನರ್ ಅಂಕಿ ಹೊಂದಿದ್ದು ಯಾರನ್ನೂ ಕಾಪಾಡಲಿಲ್ಲ, ಪ್ಯಾಚ್ ಹಾಕಿಕೊಂಡದ್ದು ಕಾಪಾಡಿತು.

ಬೆಂಗಳೂರಿನವರಿಗೆ ಈ ಮಾತು ಹೆಚ್ಚು ತಟ್ಟಬೇಕು. ಇಲ್ಲಿನ ಸರ್ವಿಸ್ ಕಂಪನಿಗಳಲ್ಲಿ ಒಬ್ಬ ಎಂಜಿನಿಯರ್ ಒಂದೇ ಶಿಫ್ಟ್‌ನಲ್ಲಿ ಹಲವು ಗ್ರಾಹಕರ ಕ್ಲಸ್ಟರ್‌ಗಳನ್ನು ನೋಡಿಕೊಳ್ಳುವುದು ಸಾಮಾನ್ಯ. ಅಮೆಝಾನ್‌ನ ಕುಬರ್ನೆಟಿಸ್ ಸೇವೆಯಾದ ಇಕೆಎಸ್‌ನಲ್ಲಿ ಒಂದು ಆವೃತ್ತಿಗೆ 14 ತಿಂಗಳ ಸಾಮಾನ್ಯ ಬೆಂಬಲ, ಅದರ ಮೇಲೆ 12 ತಿಂಗಳ ವಿಸ್ತೃತ ಬೆಂಬಲ. ಸಾಮಾನ್ಯ ಅವಧಿಯಲ್ಲಿ ಕ್ಲಸ್ಟರ್‌ಗೆ ಗಂಟೆಗೆ 10 ಸೆಂಟ್ ಇದ್ದ ಶುಲ್ಕ ವಿಸ್ತೃತ ಅವಧಿಯಲ್ಲಿ 60 ಸೆಂಟ್. ಗ್ರಾಹಕ ಅಷ್ಟು ಕೊಟ್ಟು ಹಳೆಯದರಲ್ಲೇ ಇರಲು ನಿರ್ಧರಿಸಿದರೆ ಆ ನಿರ್ಧಾರದಲ್ಲಿ ಇಲ್ಲಿ ಕೂತವರ ಪಾಲಿಲ್ಲ. ವರ್ಷಕ್ಕೆ ಮೂರರ ಲೆಕ್ಕದಲ್ಲಿ 26 ತಿಂಗಳಿಗೆ ಆರೇಳು ಆವೃತ್ತಿಗಳು ಏಕಕಾಲಕ್ಕೆ ಜೀವಂತವಾಗಿರುತ್ತವೆ. ಒಂದು ಕ್ಯೂಬ್‌ಸಿಟಿಎಲ್ ನಿಯಮದ ಪ್ರಕಾರ ಮೂರನ್ನಷ್ಟೇ ಮುಟ್ಟಬಹುದು. ಅಂದರೆ ಹಲವು ಗ್ರಾಹಕರನ್ನು ನೋಡಿಕೊಳ್ಳುವ ವ್ಯಕ್ತಿ ಎಷ್ಟೇ ಶಿಸ್ತಿನಿಂದಿದ್ದರೂ, ಒಂದು ಟೂಲ್ ಇಟ್ಟುಕೊಂಡು ನಿಯಮ ಪಾಲಿಸುವುದು ಅಸಾಧ್ಯ. ಕ್ಲಸ್ಟರ್‌ಗೆ ತಕ್ಕ ಆವೃತ್ತಿಯನ್ನು ಆರಿಸಿಕೊಡುವ ಸಣ್ಣ ಟೂಲ್‌ಗಳಿವೆ, ಬಳಸಬಹುದು. ಆದರೆ ಗ್ರಾಹಕರ ಯಂತ್ರದ ಮೂಲಕವೇ ಕೆಲಸ ಮಾಡಬೇಕಾದ ಕಡೆ, ಹೊಸದೇನನ್ನೂ ಇನ್‌ಸ್ಟಾಲ್ ಮಾಡಲು ಅನುಮತಿ ಇಲ್ಲದ ಕಡೆ, ಆ ಉಪಾಯವೂ ನಡೆಯುವುದಿಲ್ಲ. ರಾತ್ರಿ ಪಾಳಿಯ ಕಿರಿಯ ಎಂಜಿನಿಯರನ ಹೆಸರಿನ ಮುಂದೆ ‘ಟೂಲ್ ಹಳೆಯದಿತ್ತು’ ಎಂದು ಬರೆಯುವವರು ಆಕೆಗೆ ಅಥವಾ ಆತನಿಗೆ ಯಾವ ಆಯ್ಕೆ ಕೊಟ್ಟಿದ್ದರು ಎಂದು ಮೊದಲು ಹೇಳಬೇಕು. ಆ ಒಂದು ಸಾಲು ಮುಂದಿನ ಅಪ್ರೈಸಲ್‌ವರೆಗೂ ಬೆನ್ನು ಬಿಡುವುದಿಲ್ಲ.

ಅಂಕಿ ಹೊಂದಿಸುವುದು ಕಂಪ್ಯೂಟರ್ ಲೋಕದ ಪ್ರಕೃತಿ ನಿಯಮವೂ ಅಲ್ಲ. ಕಂಟೇನರ್‌ಗಳನ್ನು ಓಡಿಸುವ ಡಾಕರ್‌ನ ಉದಾಹರಣೆ ಪಕ್ಕದಲ್ಲೇ ಇದೆ. ಬಹುಕಾಲ ಡಾಕರ್ ಟೂಲ್ ತನ್ನ ಸರ್ವರ್ ಆದ ಡೀಮನ್‌ಗಿಂತ ಹೊಸದಾಗಿದ್ದರೆ ಕೆಲಸ ಮಾಡಲು ಒಪ್ಪುತ್ತಲೇ ಇರಲಿಲ್ಲ, ‘ಕ್ಲೈಂಟ್ ಸರ್ವರ್‌ಗಿಂತ ಹೊಸದು’ ಎಂದು ನಿಂತುಬಿಡುತ್ತಿತ್ತು. ಆಗಲೂ ಬಳಕೆದಾರರಿಗೆ ಇದೇ ಉಪದೇಶ: ಎರಡನ್ನೂ ಸಮ ಮಾಡಿಕೊಳ್ಳಿ. 2017ರ ಜನವರಿಯ 1.13ರಲ್ಲಿ ಟೂಲ್ ಮತ್ತು ಡೀಮನ್ ಮೊದಲು ಮಾತಾಡಿಕೊಂಡು, ಇಬ್ಬರಿಗೂ ಗೊತ್ತಿರುವ ಎಪಿಐ ಆವೃತ್ತಿಗೆ ಇಳಿಯುವ ವ್ಯವಸ್ಥೆ ಬಂತು. ಅಷ್ಟು ದಿನ ಶಿಸ್ತಿನ ಕೊರತೆ ಎನಿಸಿಕೊಂಡದ್ದು ಒಂದು ರಿಲೀಸ್‌ನಲ್ಲಿ ಹೋಯಿತು. 2025ರ ನವೆಂಬರ್‌ನ ಡಾಕರ್ 29 ತಾನು ಒಪ್ಪುವ ಕನಿಷ್ಠ ಎಪಿಐಯನ್ನು 1.44ಕ್ಕೆ ಏರಿಸಿದಾಗ ಟ್ರೇಫಿಕ್, ಟೆಸ್ಟ್‌ಕಂಟೇನರ್ಸ್‌ನಂಥ ಎಷ್ಟೋ ಟೂಲ್‌ಗಳ ಬಳಕೆದಾರರಿಗೆ ಏಟು ಬಿತ್ತು, ಅದನ್ನು ನಾನು ಹೊಗಳುವುದಿಲ್ಲ. ಆದರೂ ಆ ದೋಷದ ಸಂದೇಶವೇ ಕಾರಣ ಹೇಳುತ್ತಿತ್ತು: ನಿಮ್ಮ ಎಪಿಐ ಇಷ್ಟು, ಕನಿಷ್ಠ ಇಷ್ಟು ಬೇಕು. ಆ ಮಿತಿಯನ್ನು ಇಳಿಸುವ ಸೆಟ್ಟಿಂಗ್ ಕೂಡ ಇತ್ತು. ಗಿಟ್ ಇನ್ನೂ ಸೌಮ್ಯ. 2018ರಲ್ಲಿ ಅದರ ಹೊಸ ಜಾಲ ಶಿಷ್ಟಾಚಾರ ಬಂತು, 2020ರಲ್ಲಿ ಅದೇ ಸಹಜ ಆಯ್ಕೆಯಾಯಿತು. ಹಳೆಯ ಸರ್ವರ್‌ಗೆ ಹೊಸ ಕ್ಲೈಂಟ್ ಮಾತಾಡಿದರೆ ಸರ್ವರ್ ತನಗೆ ತಿಳಿಯದ್ದನ್ನು ಬದಿಗಿಟ್ಟು ಹಳೆಯ ರೀತಿಯಲ್ಲಿ ಉತ್ತರಿಸುತ್ತದೆ. ಕೋಟ್ಯಂತರ ಜನ ಏನೂ ಅರಿಯದೆ ದಾಟಿಹೋದರು.

ಕುಬರ್ನೆಟಿಸ್ ಯೋಜನೆಗೂ ಇದು ಗೊತ್ತು. ಅದು ವರ್ಷಗಳಿಂದ ಟೂಲ್‌ನ ತಲೆಯಲ್ಲಿದ್ದ ಜ್ಞಾನವನ್ನು ಕಿತ್ತು ಸರ್ವರ್‌ಗೆ ಸಾಗಿಸುತ್ತ ಬಂದಿದೆ. ‘ಗೆಟ್’ ಎಂದಾಗ ತೆರೆಯ ಮೇಲೆ ಯಾವ ಕಾಲಂಗಳು ಬರಬೇಕೆಂದು ಹಿಂದೆ ಟೂಲ್ ನಿರ್ಧರಿಸುತ್ತಿತ್ತು, 2018ರ 1.11ರ ಹೊತ್ತಿಗೆ ಅದು ಸರ್ವರ್‌ನ ಕೆಲಸವಾಯಿತು, ಹೊಸ ಬಗೆಯ ವಸ್ತುಗಳನ್ನು ಹಳೆಯ ಟೂಲ್ ಕೂಡ ತೋರಿಸಬಲ್ಲದಾಯಿತು. ಅಳಿವಿನ ಅಂಚಿನಲ್ಲಿರುವ ಎಪಿಐ ಬಳಸಿದರೆ ಸರ್ವರ್ ತಾನೇ ಎಚ್ಚರಿಕೆ ಕಳಿಸುವುದು 2020ರ 1.19ರಿಂದ. ‘ಅಪ್ಲೈ’ ಮಾಡುವಾಗ ಹಳೆಯ ಹೊಸ ಮೌಲ್ಯಗಳನ್ನು ಬೆಸೆಯುವ ಸೂಕ್ಷ್ಮ ಕೆಲಸವನ್ನು ಸರ್ವರ್‌ನಲ್ಲೇ ಮಾಡುವ ದಾರಿ 2021ರ 1.22ರಲ್ಲಿ ಸ್ಥಿರವಾಯಿತು. 2024ರ 1.31ರಲ್ಲಿ ‘ಎಕ್ಸೆಕ್’ನಂಥ ಕಮಾಂಡ್‌ಗಳು ಎಸ್‌ಪಿಡಿವೈ ಬಿಟ್ಟು ವೆಬ್‌ಸಾಕೆಟ್‌ಗೆ ಬಂದಾಗ, ಸರ್ವರ್‌ಗೆ ವೆಬ್‌ಸಾಕೆಟ್ ಬಾರದಿದ್ದರೆ ಹಳೆಯದಕ್ಕೆ ಮರಳುವ ವ್ಯವಸ್ಥೆಯನ್ನೂ ಇಟ್ಟರು. ಈ ಪ್ರತಿ ಹೆಜ್ಜೆಯಲ್ಲೂ ಟೂಲ್‌ನ ಅಂಕಿಯ ತೂಕ ಇಳಿಯುತ್ತಿದೆ. ಯೋಜನೆ ಆ ಕಡೆ ನಡೆಯುತ್ತಿರುವಾಗ ಬಳಸುವವರು ಇನ್ನೂ ಅಂಕಿ ಎಣಿಸುತ್ತ ನಿಂತಿದ್ದಾರೆ.

ಎಣಿಸಬೇಕಾದದ್ದು ಬೇರೆ ಇದೆ. ಸಾಯಲಿರುವ ಯಾವ ಎಪಿಐಗಳಿಗೆ ಇನ್ನೂ ಕೋರಿಕೆ ಬರುತ್ತಿದೆ ಎಂಬುದನ್ನು ಎಪಿಐ ಸರ್ವರ್ ಒಂದು ಮೆಟ್ರಿಕ್‌ನಲ್ಲಿ 1.19ರಿಂದಲೇ ಕೊಡುತ್ತಿದೆ. ಅಪ್‌ಗ್ರೇಡ್‌ಗೆ ಮುಂಚೆ ಅದನ್ನು ನೋಡದ ತಂಡ ಕ್ಯೂಬ್‌ಸಿಟಿಎಲ್‌ನ ಅಂಕಿ ನೋಡಿ ಪಡೆಯುವ ನೆಮ್ಮದಿಗೆ ಬೆಲೆಯಿಲ್ಲ. ಹೊಸ ಆವೃತ್ತಿಯ ಪ್ರಯೋಗ ಕ್ಲಸ್ಟರ್‌ಗೆ ಗಿಟ್‌ನಲ್ಲಿರುವ ಪ್ರತಿ ಮ್ಯಾನಿಫೆಸ್ಟನ್ನೂ ಸರ್ವರ್ ಕಡೆಯ ಡ್ರೈ-ರನ್ ಮೂಲಕ ಹಾಯಿಸಿದರೆ, ಯಾವುದು ನಿಲ್ಲುತ್ತದೆ, ಯಾವುದು ಬೀಳುತ್ತದೆ ಎಂದು ಒಂದು ಮಧ್ಯಾಹ್ನದಲ್ಲಿ ತಿಳಿಯುತ್ತದೆ. ಪೈಪ್‌ಲೈನ್‌ನ ಕ್ಯೂಬ್‌ಸಿಟಿಎಲ್ ‘ಇತ್ತೀಚಿನದು’ ಆಗಿರಬಾರದು, ಹೆಸರಿಟ್ಟು ನಿಲ್ಲಿಸಿದ ಒಂದು ಆವೃತ್ತಿಯಾಗಿರಬೇಕು. ಅದನ್ನು ಬದಲಿಸುವುದು ಪರಿಶೀಲನೆಗೆ ಒಳಪಡುವ ಒಂದು ಪ್ರತ್ಯೇಕ ಬದಲಾವಣೆಯಾಗಬೇಕು. ಲೇಬಲ್‌ಗಳು, ಕಾಲಂಗಳ ಹೆಸರು, ಔಟ್‌ಪುಟ್‌ನ ಆಕಾರ, ಇವನ್ನು ನೆಚ್ಚಿದ ಸ್ಕ್ರಿಪ್ಟ್‌ಗಳನ್ನು ಹುಡುಕಿ ಪಟ್ಟಿ ಮಾಡುವುದು ಬೇಸರದ ಕೆಲಸ. 1.28ರಲ್ಲಿ ‘ವರ್ಷನ್’ ಕಮಾಂಡ್‌ನ ಒಂದು ಚಿಕ್ಕ ಆಯ್ಕೆಯನ್ನು ತೆಗೆದದ್ದಕ್ಕೇ, ಅದನ್ನು ನೆಚ್ಚಿ ಬರೆದಿದ್ದ ಸ್ಕ್ರಿಪ್ಟ್‌ಗಳು ನಿಂತವು. ಈ ಕೆಲಸಕ್ಕೆ ಸಮಯ ಕೊಡದ ವ್ಯವಸ್ಥಾಪಕರು ಘಟನೆಯ ನಂತರ ಸಮಯ ಕೊಡಲೇಬೇಕಾಗುತ್ತದೆ.

ಇಷ್ಟೆಲ್ಲ ಬಳಸುವವರ ಪಾಲಿನದು. ಯೋಜನೆಯ ಪಾಲೂ ಇದೆ. 2023ರ ಆಗಸ್ಟ್‌ನಲ್ಲಿ ಬಂದ 1.28ರವರೆಗೆ, ನೋಡ್‌ನಲ್ಲಿ ಓಡುವ ಕ್ಯೂಬ್‌ಲೆಟ್ ಎಪಿಐ ಸರ್ವರ್‌ಗಿಂತ ಎರಡು ಮೈನರ್ ಆವೃತ್ತಿ ಮಾತ್ರ ಹಿಂದಿರಬಹುದಿತ್ತು. ವರ್ಷಕ್ಕೆ ಮೂರು ಆವೃತ್ತಿ ಬರುವಾಗ ಇದು ನೋಡ್‌ಗಳನ್ನು ವರ್ಷಕ್ಕೊಮ್ಮೆ ಮಾತ್ರ ಏರಿಸುವವರಿಗೆ ಸಾಲುವುದಿಲ್ಲ ಎಂದು ಕಂಡು, ಮೂರು ಹೆಜ್ಜೆಯ ಅಂತರವನ್ನು ಪರೀಕ್ಷಿಸಿ, ನಿಯಮವನ್ನು ಮೂರಕ್ಕೆ ಹಿಗ್ಗಿಸಿದರು. ಬಳಸುವವರಿಗೆ ಶಿಸ್ತು ಬೋಧಿಸುವ ಬದಲು ಪರೀಕ್ಷೆಯ ವ್ಯಾಪ್ತಿ ಬೆಳೆಸಿದರು. ಸ್ವತಃ ಕಂಟೇನರ್‌ಗಳನ್ನು ಓಡಿಸುವ ಕ್ಯೂಬ್‌ಲೆಟ್‌ಗೆ ಇದು ಸಾಧ್ಯವಾಗಿದ್ದರೆ, ಕೋರಿಕೆ ಒಯ್ದು ಉತ್ತರ ತರುವ ಕ್ಯೂಬ್‌ಸಿಟಿಎಲ್‌ಗೆ ಏಕೆ ಆಗದು? ಟೂಲ್‌ನ ಹೊಣೆ ಹೊತ್ತಿರುವ ಸಿಗ್-ಸಿಎಲ್‌ಐ ಗುಂಪು ಯಾವ ಕಮಾಂಡ್‌ಗಳು ಸರ್ವರ್‌ನ ಮಾತನ್ನೇ ನಂಬುತ್ತವೆ, ಯಾವುವು ತಮ್ಮೊಳಗಿನ ಹಳೆಯ ಜ್ಞಾನ ನಂಬುತ್ತವೆ ಎಂದು ಕಮಾಂಡ್‌ವಾರು ಪಟ್ಟಿ ಕೊಡಲಿ. ಮೊದಲ ಬಗೆಯವಕ್ಕೆ ಮೂರು ಹೆಜ್ಜೆಯ ಅಂತರವನ್ನು ಪರೀಕ್ಷಿಸಿ ಬೆಂಬಲಿಸಲಿ. ಅಲ್ಲಿ ಕೆಲಸ ಮಾಡುವವರಲ್ಲಿ ಬಹಳಷ್ಟು ಜನ ಬಿಡುವಿನ ವೇಳೆ ಕೊಡುವವರು ಎಂಬುದು ಗೊತ್ತಿದೆ. ಅದಕ್ಕಾಗಿಯೇ ಈ ಬೇಡಿಕೆ ಅವರ ಮೇಲೆ ಮಾತ್ರ ಬೀಳಬಾರದು. ಹಳೆಯ ಆವೃತ್ತಿಗೆ ಆರು ಪಟ್ಟು ಶುಲ್ಕ ಪಡೆಯುವ ಕ್ಲೌಡ್ ಕಂಪನಿಗಳೂ, ಹಲವು ಆವೃತ್ತಿಗಳ ಕ್ಲಸ್ಟರ್ ನೋಡಿಕೊಳ್ಳುವ ಕರಾರುಗಳಿಂದ ಹಣ ಮಾಡುವ ನಮ್ಮ ಊರಿನ ಸರ್ವಿಸ್ ಕಂಪನಿಗಳೂ ಆ ಪರೀಕ್ಷೆಗಳನ್ನು ಬರೆಯಲು, ಓಡಿಸಲು ತಮ್ಮ ಎಂಜಿನಿಯರರ ಸಂಬಳದ ಸಮಯವನ್ನು ಕೊಡಬೇಕು.